ಹಳದಿ ಬಾವುಟದ ಭಾಯಿ

ನಾನು ಅಜ್ಜನಾದೆ. ಮೊನ್ನೆ ನನ್ನ ಮಗಳು ಗಿರಿಜಾ ಹೆಣ್ಣು ಕೂಸು ಹೆತ್ತಳು. ನಿನ್ನೆ ಮಧ್ಯಾಹ್ನ ತಾಯಿ, ಕೂಸು ಇಬ್ಬರೂ ಆಸ್ಪತ್ರೆಯಿಂದ ಮನೆಗೆ ಬಂದರು. ಇದನ್ನು ಮೊದಲು ಹೇಳಿಬಿಟ್ಟರೆ ನನಗೆ ಸಮಾಧಾನ, ಉಳಿದದ್ದನ್ನು ಸಾವಕಾಶ ಬರೆಯಬಹುದು. ಕೂಸಿಗೆ ತಲೆ ತುಂಬ ಕೂದಲು. ಮೂಗು ನಮ್ಮವ್ವನದೇ. ಹಾಗೆಂದು ನಾನು ಒಂದೆರಡು ಸಲ ಅಂದದ್ದಕ್ಕೆ ನನ್ನ ಹೆಂಡತಿ ಶಾಂತವ್ವ ಬಾಣಂತಿಯ ಖೋಲಿಯಿಂದಲೇ, "ನಿಮ್ಮವ್ವನ ಮೂಗು ಇಷ್ಟು ಚಂದ ಎಲ್ಲಿತ್ತರಿ? ಇದು ನಮ್ಮಪ್ಪನ ಮೂಗು" ಎಂದು ಕೂಗಿದಳು. ಯಾರದಾದರೂ ಆಗಲಿ. ನಿನ್ನೆ ನಾನು ಯಾರ ಜೊತೆಗೂ ವಾದ ಮಾಡುವ ಸ್ಥಿತಿಯಲ್ಲಿರಲಿಲ್ಲ.

ಮದುವೆಯಾಗಿ ಹನ್ನೆರಡು ಹದಿಮೂರು ವರ್ಷದ ಮೇಲೆ ಬಂದ ಕೂಸು. ಅಳಿಯ ಅವಿನಾಶ ಮೈಸೂರಿನವರು, ಯಾವಾಗಲೂ ಜೋರಾಗಿ ಗಾಡಿ ಓಡಿಸುವವರು. ನಿನ್ನೆ ಮನೆಗೆ ಬಂದವರು ಬೆವರು ಒರೆಸಿಕೊಳ್ಳುತ್ತ, "ಮಾವ, ಫ್ರೀವೇನಲ್ಲಿ ಎಷ್ಟು ನಿಧಾನ ಬಂದೆ ಅಂದ್ರೆ, ಹಿಂದಿನೋರೆಲ್ಲ ಹಾರ್ನ್ ಹೊಡೆದ್ರು" ಎಂದರು. "ಹೊಡೀಲಿ ಬಿಡ್ರಿ, ಅವರ ಗಾಡ್ಯಾಗ ನಮ್ಮ ಮೊಮ್ಮಗಳಿಲ್ಲ" ಎಂದೆ ನಾನು. ಹುಬ್ಬಳ್ಳಿ ಡಿಪೋದಲ್ಲಿ ಜನ್ಮವೆಲ್ಲ ಬಸ್ಸು ಓಡಿಸಿದವನು ನಾನು, ಹಾರ್ನಿಗೆ ಹೆದರುವ ವಂಶವಲ್ಲ ನಮ್ಮದು.

ಓದಿದ್ದು ನಾಲ್ಕನೇ ಇಯತ್ತೆ. ಆದರೂ ಇಲ್ಲಿನ ಕನ್ನಡದ ಹೆಣ್ಣುಮಗಳೊಬ್ಬಳು, "ಅಂಕಲ್, ನಮ್ಮ ಕನ್ನಡ ಕೂಟದ ಸಂಚಿಕೆಗೆ ಏನಾದ್ರೂ ಬರೀರಿ, ನೀವು ಮಾತಾಡೋ ಹಾಗೇ ಬರೀರಿ ಸಾಕು" ಎಂದು ವರ್ಷಾವರ್ಷ ಗಂಟು ಬೀಳುತ್ತಾಳೆ. ಏನು ಬರೆಯಲಿ ಎಂದು ತಿಳಿಯದೆ ಸುಮ್ಮನಿದ್ದೆ. ನಿನ್ನೆ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡಾಗ ತಿಳಿಯಿತು. ಕೂಸು ಕಣ್ಣು ಬಿಟ್ಟು ನನ್ನನ್ನು ನೋಡಿತು, ನಾನು ಕಿಟಕಿಯಾಚೆ ಎರಡು ಮನೆ ದಾಟಿ ಇರುವ ದ್ರಾಕ್ಷಿ ಚಪ್ಪರ ನೋಡಿದೆ. ಇಂಥ ದಿನ ಭಾಯಿ ಇರಬೇಕಾಗಿತ್ತು.

ಅವನ ಹೆಸರು ಬರೆಯುವುದಿಲ್ಲ. ಹೆಸರು ಬರೆದರೆ ಯಾವ ಮನೆತನ, ಯಾವ ಊರು, ಯಾವ ಪಾರ್ಟಿ ಎಂದು ಅವರ ಜನ ಲೆಕ್ಕ ಹಾಕುತ್ತಾರೆ, ಮತ್ತೊಂದು ಜಗಳ. ನನಗೆ ಅವನು ಭಾಯಿ, ಅವನಿಗೆ ನಾನು ಡ್ರೈವರ್ ಸಾಬ್. ಪ್ಯಾಲೆಸ್ತೀನದವನು. ಗುಡ್ಡದ ಸೀಮೆಯಲ್ಲಿ ಹುಟ್ಟಿ, ಕುವೈತಿನ ಬಂದರದಲ್ಲಿ ಕ್ರೇನು ನಡೆಸಿ, ಅಲ್ಲಿ ಯುದ್ಧವಾದ ಮೇಲೆ ಇಲ್ಲಿಗೆ ಬಂದು, ಟೈರಿನ ಅಂಗಡಿಯಲ್ಲಿ ದುಡಿದು ಮುದುಕನಾದವನು.

ನಾವು ಅಮೇರಿಕಾದ ಈ ಬೆರ್ರಿಯೆಸಾಕ್ಕೆ, ಮಗಳ ಮನೆಗೆ, ಬಂದ ಹೊಸತು. ನಾನೂ ಶಾಂತವ್ವನೂ ಮಫ್ಲರು ಸುತ್ತಿಕೊಂಡು ವಾಕಿಂಗ್ ಹೊರಟಿದ್ದೆವು. ಒಬ್ಬ ಎತ್ತರದ ಆಳು ಚಪ್ಪರದ ಎಳೆ ಎಲೆಗಳನ್ನು ಆರಿಸಿ ಆರಿಸಿ ಬುಟ್ಟಿಗೆ ಹಾಕುತ್ತಿದ್ದ. "ಈ ಊರಾಗೂ ಆಡು ಸಾಕ್ಯಾರ ನೋಡ" ಎಂದೆ ನಾನು ಹೆಂಡತಿಗೆ. ಮಾತಿನ ಧಾಟಿ ಕೇಳಿ ಅವನು ತಿರುಗಿ "ಹಿಂದಿ?" ಎಂದ. ಹೌದೆಂದು, ಆಡು ಎಷ್ಟಿವೆ ಎಂದು ಹಿಂದಿಯಲ್ಲೇ ಕೇಳಿದೆ. ಅವನು ಬುಟ್ಟಿ ನೋಡಿದ, ನನ್ನನ್ನು ನೋಡಿದ, "ಒಂದೇ, ಅದು ನಾನೇ" ಎಂದ. ಅವರಲ್ಲಿ ದ್ರಾಕ್ಷಿ ಎಲೆಯಲ್ಲಿ ಅನ್ನ ಸುತ್ತಿ ಬೇಯಿಸಿ ತಿನ್ನುತ್ತಾರೆ ಎಂಬುದು ನನಗೇನು ಗೊತ್ತು?

ಕುವೈತಿನಲ್ಲಿ ಹೈದರಾಬಾದಿನವರ ಜೊತೆ ಇದ್ದು ಕಲಿತ ಹಿಂದಿ ಅವನದು. ಬೇಡ ಅನ್ನಲು "ನಕ್ಕೋ" ಅನ್ನುತ್ತಿದ್ದ. ಹುಬ್ಬಳ್ಳಿಯ ಗಲ್ಲಿಯ ಆ ಮಾತು ಕೇಳಿದ ಕೂಡಲೇ ಇವನು ನಮ್ಮವನೇ ಅನಿಸಿಬಿಟ್ಟಿತು. ನಮ್ಮಿಬ್ಬರ ಆ ಹರಕು ಹಿಂದಿಯನ್ನು ಇಲ್ಲಿ ನನ್ನ ಹುಬ್ಬಳ್ಳಿ ಮಾತಿನಲ್ಲೇ ಬರೆಯುತ್ತೇನೆ. ಅವನು ನನ್ನ ಮನಸ್ಸಿನಲ್ಲಿ ಈಗ ಹಾಗೆಯೇ ಮಾತಾಡುತ್ತಾನೆ.

ಮಾತು ಶುರು ಮಾಡುವ ಮೊದಲು ತೋರುಬೆರಳು ಮೇಲೆತ್ತುವುದು ಅವನ ರೂಢಿ, ಗಾಡಿ ತಿರುಗಿಸುವ ಮೊದಲು ಸಿಗ್ನಲ್ ಕೊಟ್ಟಂತೆ. ಬೆರಳೆತ್ತಿದನೆಂದರೆ ಅದು ರಾಜಕೀಯದ ಮಾತು. ಬೆರಳೆತ್ತದೆ ಆಡಿದ್ದು ಸಂಸಾರದ ಮಾತು. ಸಂಸಾರದ ಮಾತು ಕಡಿಮೆ.

"ಡ್ರೈವರ್ ಸಾಬ್, ನಮ್ಮಲ್ಲೆ ಕೂಸು ಹುಟ್ಟಿದ ಕೂಡ್ಲೆ ಕಿವ್ಯಾಗ ಮೊದಲ ದೇವರ ಹೆಸರು ಹೇಳತೇವಿ, ಆಮ್ಯಾಲೆ ಪಾರ್ಟಿ ಹೆಸರು."

ಅವನ ಪಾರ್ಟಿಯ ಬಾವುಟ ಹಳದಿ. ಪಾರ್ಟಿಗಳ ಹೆಸರು ನನ್ನ ನಾಲಿಗೆಗೆ ತಿರುಗುತ್ತಿರಲಿಲ್ಲ, ಅದಕ್ಕೆ ಬಣ್ಣದ ಮೇಲೆಯೇ ಪಾಠ ಮಾಡಿದ. ಒಂದು ದಿನ ಚಪ್ಪರದ ಕೆಳಗಿನ ಮೇಜಿನ ಮೇಲೆ ಹಿತ್ತಲಿನ ನಿಂಬೆಹಣ್ಣು, ಹಸಿಮೆಣಸಿನಕಾಯಿ, ಟೊಮ್ಯಾಟೊ ಇಟ್ಟ. ನಿಂಬೆ ತನ್ನವರು. ಎಲ್ಲರಿಗಿಂತ ಮೊದಲು ಎದ್ದು ನಿಂತವರು, ಬಂದೂಕು ಹಿಡಿದವರು, ಆಮೇಲೆ ಎದುರಿನವರ ಜೊತೆ ಮಾತುಕತೆಗೆ ಕೂತು ಸಹಿ ಹಾಕಿದವರು, ಸಹಿಯ ಜೊತೆಗೆ ಖುರ್ಚಿಯೂ ಸಿಕ್ಕವರು. ಮೆಣಸಿನಕಾಯಿ ಹಸಿರು ಬಾವುಟದವರು. ತಡವಾಗಿ ಬಂದರು, ಮಸೀದಿ, ಶಾಲೆ, ದವಾಖಾನೆ ಎಂದು ಬಡವರ ಓಣಿಗಳಲ್ಲಿ ಬೇರು ಬಿಟ್ಟರು, ಸಹಿ ಒಪ್ಪಲಿಲ್ಲ, ಬಂದೂಕು ಕೆಳಗಿಡಲಿಲ್ಲ. ಟೊಮ್ಯಾಟೊ ಕೆಂಪು ಬಾವುಟದವರು. ಓದಿದವರು, ಜನ ಕಡಿಮೆ, ಮಾತು ಹೆಚ್ಚು. "ಇವರ ಮಾತು ನನಗ ಚಲೋ ಗೊತ್ತು, ನನ್ನ ಹೆಂಡತಿ ತವರು ಮನಿ ಇದು" ಎಂದು ಟೊಮ್ಯಾಟೊವನ್ನು ಸ್ವಲ್ಪ ದೂರ ಸರಿಸಿದ. ಅಷ್ಟರಲ್ಲಿ ಅವನ ಹೆಂಡತಿ, ನನಗೆ ಭಾಬಿ, ಬಂದು ಮೂರನ್ನೂ ಸೆರಗಿಗೆ, ಅಂದರೆ ಅವರ ತಲೆವಸ್ತ್ರದ ತುದಿಗೆ, ಹಾಕಿಕೊಂಡು ಒಳಗೆ ಹೋಗಿ ಕೋಸಂಬರಿಯಂಥದ್ದೊಂದು ಮಾಡಿ ತಂದಿಟ್ಟರು. ಪಾಠ ಅಲ್ಲಿಗೆ ನಿಂತಿತು.

ಹಸಿರು ಎಂದರೆ ಅವನಿಗೆ ಆಗದು. ಭಾಬಿ ಒಮ್ಮೆ ಮಲಗುವ ಖೋಲಿಗೆ ಹಸಿರು ಪರದೆ ಹಾಕಿದ್ದಕ್ಕೆ ವಾರಗಟ್ಟಲೆ ಹಾಲಿನ ಸೋಫಾದ ಮೇಲೆ ಮಲಗಿದ. "ಹಸಿರಿನ ಬುಡಕ ಮಲಗಿದರ ಕನಸು ಬ್ಯಾರೇನ ಬೀಳತಾವ" ಎಂದು ವಾದ. ನನ್ನನ್ನು ಗಾಡಿಯಲ್ಲಿ ಕೂರಿಸಿಕೊಂಡು ಹೋಗುವಾಗ ಸಿಗ್ನಲ್ ತೋರಿಸಿ, "ಹಸಿರು ಎಷ್ಟೊತ್ತು ಇರತೈತಿ, ಕೆಂಪು ಎಷ್ಟೊತ್ತು ಇರತೈತಿ, ಹಳದಿ ನೋಡು, ಕಣ್ಣ ಪಿಳಕಸೂದರಾಗ ಹೋತು. ಅಮೇರಿಕಾದವರೂ ನಮ್ಮ ಪಾರ್ಟಿಗೆ ಅನ್ಯಾಯ ಮಾಡ್ಯಾರ" ಎಂದ. ಹಿಂದಿನ ಗಾಡಿಯವನು ಹಾರ್ನ್ ಹೊಡೆದ ಮೇಲೇ ಹೊರಟ.

ಹಾಗೆಂದು ತನ್ನ ಪಾರ್ಟಿಯನ್ನು ಬಿಡುತ್ತಿದ್ದನೇ? "ನಮ್ಮವರು ಖುರ್ಚಿ ಮ್ಯಾಲೆ ಕುಂತು ಕುಂತು ತಾವ ಖುರ್ಚಿ ಆಗ್ಯಾರ" ಎಂದು ಬೈಯುತ್ತಿದ್ದ. ಆದರೆ ಅದೇ ಬೈಗುಳವನ್ನು ಬೇರೆಯವರು ಆಡಿದರೆ ಕುತ್ತಿಗೆಯ ನರ ಉಬ್ಬುತ್ತಿತ್ತು. ನನಗೆ ಇದು ಹೊಸದಲ್ಲ. ನಮ್ಮ ಡಿಪೋದಲ್ಲೂ ಎರಡು ಯೂನಿಯನ್ನು. ನಮ್ಮ ಲೀಡರನನ್ನು ನಾನು ಬೈಯಬಹುದು, ಆ ಕಡೆಯ ಕಂಡಕ್ಟರ್ ಬೈದರೆ ತೋಳು ಮಡಚುತ್ತಿದ್ದೆ. ನಮ್ಮೂರಲ್ಲಿ ಪಂಚಾಯಿತಿ ಎಲೆಕ್ಷನ್ನಿಗೆ ಎದುರಾಬದುರಾ ನಿಂತ ಅಣ್ಣತಮ್ಮರು ಒಂದೇ ಕಟ್ಟೆಯ ಮೇಲೆ ಬೆನ್ನಿಗೆ ಬೆನ್ನು ಕೊಟ್ಟು ಕೂಡುತ್ತಿದ್ದರೆಂದು ಹೇಳಿದೆ. ಭಾಯಿ ಬಹಳ ಹೊತ್ತು ನಕ್ಕ. ಆಮೇಲೆ, ಬೆರಳೆತ್ತದೆ, "ಅವರು ಬೆನ್ನಾರ ತೋರಸ್ತಿದ್ರು. ನಾನು ನನ್ನ ತಮ್ಮ ಅದನ್ನೂ ತೋರಸೂದಿಲ್ಲ" ಎಂದ.

ಅವನಿಗೆ ಒಬ್ಬ ತಮ್ಮನಿದ್ದಾನೆಂದು ನನಗೆ ತಿಳಿದದ್ದು ಆಗಲೇ. ಅದೂ ಎಲ್ಲೋ ದೂರವಲ್ಲ, ಪ್ಲೆಸೆಂಟನ್ನಿನಲ್ಲಿ. ಸಿಕ್ಸ್-ಏಟಿ ಫ್ರೀವೇ ಹಿಡಿದರೆ ಸಾರಿಗೆ ಒಗ್ಗರಣೆ ಹಾಕಿ ಹೊರಟವರು ಸಾರು ಆರುವುದರೊಳಗೆ ಮುಟ್ಟಬಹುದು. ತಮ್ಮನ ಮನಸ್ಸು ಹಸಿರಿನ ಕಡೆ. ಪಾರ್ಟಿಯಲ್ಲಿ ಸೇರಿದವನಲ್ಲ, ಆದರೆ ವಾದಕ್ಕೆ ನಿಂತರೆ ಆ ಕಡೆಯವನು. ಇಬ್ಬರ ನಡುವೆ ಹುಟ್ಟಿದವಳು ಒಬ್ಬ ಹೆಣ್ಣುಮಗಳು, ಗಾಜಾಕ್ಕೆ ಕೊಟ್ಟವಳು. ಭಾಯಿಗೆ ತಂಗಿ, ತಮ್ಮನಿಗೆ ಅಕ್ಕ.

ನಾವು ಇಲ್ಲಿಗೆ ಬರುವುದಕ್ಕೂ ಎಷ್ಟೋ ವರ್ಷ ಮೊದಲು ಅವರ ದೇಶದಲ್ಲಿ ಎಲೆಕ್ಷನ್ ಆಯಿತು, ಹಸಿರಿನವರು ಗೆದ್ದರು. ಖುರ್ಚಿಯಲ್ಲಿದ್ದವರು ಪೂರ್ತಿ ಏಳಲಿಲ್ಲ, ಗೆದ್ದವರು ಪೂರ್ತಿ ಕೂಡಲಾಗಲಿಲ್ಲ. ಯಾರ ತಪ್ಪು ಎಂಬುದಕ್ಕೆ ಬೆರ್ರಿಯೆಸಾದಲ್ಲಿ ಒಂದು ಕಥೆ, ಪ್ಲೆಸೆಂಟನ್ನಿನಲ್ಲಿ ಇನ್ನೊಂದು ಕಥೆ. ನಾನು ಎರಡನ್ನೂ ಕೇಳಿದ್ದೇನೆ, ಎರಡಕ್ಕೂ ತಲೆಯಾಡಿಸಿದ್ದೇನೆ. ಕಡೆಗೆ ಓಣಿ ಓಣಿಗಳಲ್ಲಿ ತಮ್ಮತಮ್ಮೊಳಗೇ ಬಡಿದಾಡಿ, ಗಾಜಾ ಹಸಿರಿನವರ ಕೈಗೆ, ಗುಡ್ಡದ ಸೀಮೆ ಹಳದಿಯವರ ಕೈಗೆ ಉಳಿಯಿತು. ಆ ಬಡಿದಾಟದಲ್ಲಿ ತಂಗಿಯ ಮಗನ ಕಾಲಿಗೆ ಗುಂಡು ಬಿತ್ತು. ಅವನು ಹಳದಿಯವರ ಪೊಲೀಸಿನಲ್ಲಿದ್ದ. ಅದೇ ದಿನಗಳಲ್ಲಿ ಗುಡ್ಡದ ಸೀಮೆಯಲ್ಲಿ ತಮ್ಮನ ಹೆಂಡತಿಯ ಅಣ್ಣನನ್ನು ಹಳದಿಯವರು ಹಿಡಿದು ಜೈಲಿಗೆ ಹಾಕಿದರು. ನೋವು ಎರಡೂ ಮನೆಗೆ ಹಂಚಿಕೆಯಾಗಿ ಬಂದಿತ್ತು. ಆದರೆ ಭಾಯಿ ಫೋನು ಮಾಡಿ ತಮ್ಮನಿಗೆ ಒಂದು ಮಾತು ಅಂದ: "ಆ ಗುಂಡಿನ್ಯಾಗ ನಿಂದೂ ಪಾಲು ಐತಿ."

ತಮ್ಮ ಫೋನು ಇಟ್ಟ. ಅಲ್ಲಿಂದ ಮುಂದೆ ಮದುವೆ, ಮಣ್ಣು, ಹಬ್ಬ ಎಲ್ಲಕ್ಕೂ ಇಬ್ಬರೂ ಬಂದರು, ಬೇರೆ ಬೇರೆ ಮೇಜಿನಲ್ಲಿ ಉಂಡು ಹೋದರು.

ಭಾಯಿಯ ಒಂದು ಗುಣ ಹೇಳಲೇಬೇಕು. ಅಷ್ಟು ಮಾತಿನವನು, ನಮ್ಮ ಗಿರಿಜಾಳನ್ನು ಒಂದು ದಿನವೂ ಮಕ್ಕಳ ಬಗ್ಗೆ ಕೇಳಲಿಲ್ಲ. ದೇವಸ್ಥಾನಕ್ಕೆ ಹೋದರೆ "ವಿಶೇಷ ಏನಾದ್ರೂ ಇದೆಯಾ?" ಎಂದು ಕೇಳುವವರೇ ಎಲ್ಲ, ಅದಕ್ಕೇ ಅವಳು ಹೋಗುವುದು ಬಿಟ್ಟಿದ್ದಳು. ಭಾಯಿ ಅವಳನ್ನು ಬೈಯುತ್ತಿದ್ದುದು ಒಂದಕ್ಕೇ, ಟೈರಿಗೆ ಗಾಳಿ ಹಾಕಿಸದೆ ಓಡಾಡುತ್ತಾಳೆಂದು. ಶನಿವಾರ ತಾನೇ ಬಂದು ಬಗ್ಗಿ ನೋಡಿ, ಗಾಳಿ ಹಾಕಿ ಹೋಗುತ್ತಿದ್ದ. ಅವನ ಮೊಮ್ಮಕ್ಕಳು ಅವನನ್ನು 'ಜಿದ್ದೋ' ಅನ್ನುತ್ತಿದ್ದವು, ಅವರ ಮಾತಿನಲ್ಲಿ ಅಜ್ಜ ಎಂದು. ಶಾಂತವ್ವ ಕೇಳಿ, "ಸರಿಯಾಗೇ ಕರೀತಾವ" ಎಂದು ಸೆರಗು ಬಾಯಿಗಿಟ್ಟು ನಕ್ಕಿದ್ದಳು.

ಗಾಜಾದಲ್ಲಿ ಈಗಿನ ಯುದ್ಧ ಶುರುವಾದ ಮೇಲೆ ಅವನ ಬೆರಳು ಮೇಲೇಳುವುದು ನಿಂತಿತು. ಟೀವಿ ನೋಡಲೂ ಆಗದು, ಆರಿಸಲೂ ಆಗದು. ತಂಗಿಯ ಫೋನು ಹತ್ತುತ್ತಿರಲಿಲ್ಲ. ಸಂಜೆ ನಾನು ಹೋಗಿ ಪಕ್ಕದಲ್ಲಿ ಕೂಡುತ್ತಿದ್ದೆ. ಶಾಂತವ್ವ ಅವಲಕ್ಕಿ ಕಳಿಸುತ್ತಿದ್ದಳು, ಅದು ಹಾಗೆಯೇ ಮೆತ್ತಗಾಗುತ್ತಿತ್ತು. ವಾರಗಳು ಹೋದ ಮೇಲೆ ಒಂದು ದಿನ ನಮ್ಮ ಬಾಗಿಲು ಬಡಿದ. ಮುಖ ನೋಡಿ ನಾನು ಹೆದರಿದೆ. ಹೆದರಬೇಕಾದ ಸುದ್ದಿಯಾಗಿರಲಿಲ್ಲ.

"ಅದಾಳ, ಡ್ರೈವರ್ ಸಾಬ್. ಜೀವಂತ ಅದಾಳ."

ಮನೆ ಹೋಗಿತ್ತು, ಟೆಂಟಿನಲ್ಲಿದ್ದಳು. ಮಗನೂ ಕೋಲು ಹಿಡಿದುಕೊಂಡು ಜೊತೆಗಿದ್ದ. ಆದರೆ ತಂಗಿ ಕಷ್ಟ ಹೇಳಿಕೊಳ್ಳಲು ಫೋನು ಮಾಡಿರಲಿಲ್ಲ, ಬೈಯಲು ಮಾಡಿದ್ದಳು. "ಇಲ್ಲಿ ನಾನು ಹಳದಿಯವರು, ಹಸಿರಿನವರು ಎಲ್ಲರ ಜೊತೆ ಒಂದೇ ಪಾಳಿಯಲ್ಲಿ ನೀರಿಗೆ ನಿಲ್ಲುತ್ತೇನೆ. ನೀವು ಅಲ್ಲಿ ಹೊಟ್ಟೆ ತುಂಬಿದವರು ಬೇರೆ ಬೇರೆ ಉಣ್ಣುತ್ತೀರಾ? ಇನ್ನು ಮೇಲೆ ಫೋನು ಮಾಡಿದರೆ ಇಬ್ಬರೂ ಒಂದೇ ಮೇಜಿನಿಂದ ಮಾಡಿ. ಬೇರೆ ಬೇರೆ ಮಾಡಿದರೆ ನಾನು ಎತ್ತುವುದಿಲ್ಲ." ಇಷ್ಟು ಹೇಳಿ ಇಟ್ಟುಬಿಟ್ಟಳಂತೆ.

"ಸಿಟ್ಟಿನ್ಯಾಗ ಅಂದಿರತಾಳ, ನೀ ಮಾಡಿ ನೋಡು" ಎಂದೆ.

"ಮಾಡಿದೆ. ಎತ್ತಲಿಲ್ಲ." ಹೆಂಗಸರ ಕಡೆಯಿಂದ ಬಂದ ಸುದ್ದಿಯನ್ನೂ ಹೇಳಿದ. "ತಮ್ಮನೂ ಮಾಡ್ಯಾನಂತ. ಅವಂದೂ ಎತ್ತಿಲ್ಲ. ಆಕಿ ಮಾತಂದ್ರ ಮಾತು. ಮುಂದ ಫೋನು ಹತ್ತತೈತೋ ಇಲ್ಲೋ, ಆಕಿ ಇರತಾಳೋ ಇಲ್ಲೋ ಯಾರಿಗ್ಗೊತ್ತು?"

"ಹಂಗಾರ ನಡಿ, ಈಗಲೇ ತಮ್ಮನ ಮನಿಗೆ ಹೋಗೂಣು."

"ನಕ್ಕೋ. ಹಂಗ ಹೋಗಾಕ ಬರೂದಿಲ್ಲ. ಮಾತಿನ ಪೆಟ್ಟು ಕೊಟ್ಟವ ನಾನು. ಮೊದಲ ಹಿರ್‍ಯಾರು ಹೋಗಿ ಕೇಳಬೇಕು, ಅವ ಹೂಂ ಅಂದ ಮ್ಯಾಲೆ ನಾ ಹೊಸ್ತಿಲು ದಾಟಬೇಕು."

ಅದು ಅವರ ಪದ್ಧತಿ. ನಮ್ಮಲ್ಲಿ ಊರ ಹಿರಿಯರು, ದೈವದವರು, ರಾಜಿ ಮಾಡಿಸುವಂತೆ. ಆದರೆ ಹಿರಿಯರನ್ನು ಎಲ್ಲಿಂದ ತರುವುದು? ಅವನಿಗೆ ಗೊತ್ತಿದ್ದ ಒಬ್ಬೊಬ್ಬರನ್ನೇ ನೆನೆದು ನೆನೆದು ಬಿಟ್ಟ. ಅವನು ಹಳದಿ, ತಮ್ಮ ಒಪ್ಪುವುದಿಲ್ಲ. ಇವನು ಹಸಿರು, ತಾನು ಒಪ್ಪುವುದಿಲ್ಲ. ಇನ್ನೊಬ್ಬ ಯಾವ ಬಾವುಟವೂ ಇಲ್ಲದವನು, "ಅವನ್ನ ನಂಬಲೇಬಾರದು, ಅದ ಒಂದು ಪಾರ್ಟಿ." ಕಡೆಗೆ ಉಳಿದವರು ಜೋರ್ಡಾನ್ ಕಡೆಯ ಒಬ್ಬ ಹಿರಿಯರು, ಔಷಧದ ಅಂಗಡಿ ಇಟ್ಟಿದ್ದವರು. ಆದರೆ ಒಬ್ಬರೇ ಹೋದರೆ ಅದು ನಿಯೋಗವಾಗುವುದಿಲ್ಲ. ಭಾಯಿ ನನ್ನನ್ನು ಮೇಲಿಂದ ಕೆಳಗೆ ನೋಡಿದ.

"ನಿಂದು ಯಾವ ಬಾವುಟ?"

"ನಾ ಎರಡೂ ಯೂನಿಯನ್ನಿಗೆ ಚಂದಾ ಕೊಟ್ಟವ."

"ಹಂಗಾರ ನೀನಽ ಸೈ."

ಭಾನುವಾರ ಗಿರಿಜಾ ಗಾಡಿ ತೆಗೆದಳು. ನಾನು ಅವಳ ಮದುವೆಯಲ್ಲಿ ಸುತ್ತಿದ್ದ ರುಮಾಲು ಸುತ್ತಿದ್ದೆ. ಔಷಧದಂಗಡಿಯವರು ಮುಂದೆ, ನಾನೂ ಭಾಯಿಯೂ ಹಿಂದೆ. ದಾರಿಯುದ್ದಕ್ಕೂ ಅವನು ನನಗೆ ಹೇಳಿಕೊಟ್ಟ.

"ಒಳಗ ಹೋಗಿ ಕೂಡು. ಮಾತು ಅವರು ಆಡತಾರ. ನೀ ಬರೇ ಹಿರಿತನ ತೋರಸು."

"ಹಿರಿತನ ಹ್ಯಾಂಗ ತೋರಸೂದು?"

"ಕೆಮ್ಮು."

ಗಿರಿಜಾ ಸ್ಟೇರಿಂಗ್ ಹಿಡಿದುಕೊಂಡೇ ನಕ್ಕಳು. "ಅಪ್ಪಾ, ಜಾಸ್ತಿ ಕೆಮ್ಮಬ್ಯಾಡ, ಕೋವಿಡ್ ಅಂತ ಹೊರಗ ಹಾಕ್ಯಾರು."

ತಮ್ಮನ ಮನೆಯೆದುರು ಗಾಡಿ ನಿಂತಿತು. ಭಾಯಿ ಇಳಿಯುವಂತಿಲ್ಲ. ಅವನೂ ಗಿರಿಜಾಳೂ ಗಾಡಿಯಲ್ಲೇ ಉಳಿದರು, ನಾವಿಬ್ಬರು ಒಳಗೆ ಹೋದೆವು. ತಮ್ಮ ಬಾಗಿಲು ತೆರೆದ. ಭಾಯಿಯ ಮುಖಕ್ಕೇ ಮೀಸೆ ಬೋಳಿಸಿದಂತಿತ್ತು. ನಗಲಿಲ್ಲ, ಆದರೆ ಎದೆಯ ಮೇಲೆ ಕೈಯಿಟ್ಟು ಒಳಗೆ ಕರೆದ. ಔಷಧದಂಗಡಿಯವರು ಅರಬ್ಬಿಯಲ್ಲಿ ಉದ್ದಕ್ಕೆ ಏನೋ ಹೇಳತೊಡಗಿದರು. ನಾನು ಆಗಾಗ ಹದವಾಗಿ ಕೆಮ್ಮಿದೆ.

ಕಾಫಿ ಬಂತು. ಸಣ್ಣ ಸಣ್ಣ ಬಟ್ಟಲು, ಕೆಳಗೆ ಬಸಿ, ಏಲಕ್ಕಿಯ ವಾಸನೆ. ಔಷಧದಂಗಡಿಯವರು ತಮ್ಮ ಬಟ್ಟಲನ್ನು ಮೇಜಿನ ಮೇಲಿಟ್ಟು ಮಾತು ಮುಂದುವರಿಸಿದರು. ತಮ್ಮನೂ ಮುಟ್ಟಲಿಲ್ಲ. ಕಾಫಿ ಆರುತ್ತಿತ್ತು. ನನಗೆ ಕಸಿವಿಸಿಯಾಯಿತು. ನಮ್ಮ ಸೀಮೆಯಲ್ಲಿ ವೈರಿಯ ಮನೆಗೆ ಹೋದರೂ ಕೊಟ್ಟ ಚಹಾ ಬಿಟ್ಟು ಏಳಬಾರದು, ಬಿಟ್ಟರೆ ಆ ಮನೆಯವ್ವನಿಗೆ ಅವಮಾನ. ಕೂಡಿಸಲು ಬಂದ ನಾವೇ ಹೀಗೆ ಮಾಡಿದರೆ ಹೇಗೆ? ನಮ್ಮ ಕಡೆಯ ಒಬ್ಬರಾದರೂ ಮರ್ಯಾದೆ ಉಳಿಸಬೇಕೆಂದು ಬಟ್ಟಲೆತ್ತಿ, ಬಸಿಗೆ ಸುರುವಿಕೊಂಡು, ಊದಿ, ಸೊರ್ರೆಂದು ಕುಡಿದೆ. ಚಲೋ ಕಾಫಿ. ತಳದ ಗಸಿಯವರೆಗೂ ಬಿಡಲಿಲ್ಲ.

ಕೆಳಗಿಟ್ಟು ನೋಡಿದರೆ ಮಾತು ನಿಂತಿತ್ತು. ಔಷಧದಂಗಡಿಯವರು ಕಣ್ಣು ಮುಚ್ಚಿಕೊಂಡಿದ್ದರು. ಒಳಬಾಗಿಲಲ್ಲಿ ತಮ್ಮನ ಹೆಂಡತಿ ಕೈಯಲ್ಲಿ ಟ್ರೇ ಹಿಡಿದು ನಿಂತೇ ಇದ್ದರು.

ತಮ್ಮ ನನ್ನ ಕಡೆ ಬಾಗಿದ. ಅವನಿಗೂ ಕುವೈತಿನ ಹಿಂದಿ ಬರುತ್ತಿತ್ತು. "ಹಿರ್‍ಯಾರ, ನೀವು ಈಗ ಏನು ಕುಡಿದ್ರಿ ಗೊತ್ತೈತೇನು?"

"ಕಾಫಿ."

"ನಾನಿನ್ನೂ ಹೂಂ ಅಂದಿಲ್ಲ. ನಾ ಹೂಂ ಅನ್ನೂದಕ್ಕಿಂತ ಮೊದಲ ನೀವು ನನ್ನ ಹೂಂ ಕುಡದ್ರಿ."

ಆಗ ತಿಳಿಯಿತು. ಬೇಡಿಕೆ ಹೊತ್ತು ಬಂದ ಹಿರಿಯರು ಕಾಫಿ ಮುಟ್ಟದೆ ಇಡುತ್ತಾರೆ. ಮನೆಯವನು "ಕುಡಿಯಿರಿ, ನಿಮ್ಮ ಮಾತು ನಡೆಯಿತು" ಎಂದ ಮೇಲೇ ಕುಡಿಯುವುದು. ಕುಡಿದರೆಂದರೆ ರಾಜಿಯಾಯಿತೆಂದು ಅರ್ಥ. ಭಾಯಿ ನನಗೆ ಕೆಮ್ಮುವುದನ್ನು ಕಲಿಸಿದ್ದ, ಇದನ್ನು ಹೇಳಬೇಕೆಂದು ಅವನಿಗೆ ಹೊಳೆದೇ ಇರಲಿಲ್ಲ. ಉಣ್ಣುವ ಮೊದಲು ಕೈ ತೊಳೆ ಎಂದು ದೊಡ್ಡವರಿಗೆ ಯಾರು ಹೇಳುತ್ತಾರೆ?

ಗಾಜಾದ ಆ ಹೆಣ್ಣುಮಗಳ ಫೋನು ನನ್ನ ಒಂದು ಗುಟುಕಿನಲ್ಲಿ ಕಡಿದುಹೋಯಿತೇ? "ತಪ್ಪಾತರಿ. ಹಂಗಾರ ಇನ್ನೊಂದು ಬಟ್ಟಲ ತರಸ್ರಿ, ಮುಟ್ಟೂದಿಲ್ಲ" ಎಂದೆ.

ಮೊದಲು ನಕ್ಕವರು ತಮ್ಮನ ಹೆಂಡತಿ. ಟ್ರೇ ಹಿಡಿದುಕೊಂಡೇ ಗೋಡೆಗೆ ಒರಗಿ ನಕ್ಕರು. ಗಂಡನಿಗೆ ಅರಬ್ಬಿಯಲ್ಲಿ ಏನೋ ಅಂದರು. ಔಷಧದಂಗಡಿಯವರು ಆಮೇಲೆ ಅದರ ಅರ್ಥ ಹೇಳಿದರು: ನನ್ನ ಕೈಯ ಕಾಫಿ ಕುಡಿದವರನ್ನು ಬರಿಗೈಯಲ್ಲಿ ಕಳಿಸಿದ ಮನೆ ಎಂದು ಹೆಸರು ತರಬೇಡಿ.

ತಮ್ಮ ನಗಲಿಲ್ಲ. ಕಿಟಕಿಯ ಕಡೆ ನೋಡಿದ. "ಎಲ್ಲಿ ಅದಾನ ಅವ?"

"ಗಾಡ್ಯಾಗ."

"ಊಟ ಆಗೇತೇನು? ಸಕ್ಕರಿ ಬ್ಯಾನಿ ಐತಿ ಅವಗ."

"ಮುಂಜಾನಿಂದ ಏನೂ ತಿಂದಿಲ್ಲ."

ಎದ್ದ. ಹೊಸ್ತಿಲವರೆಗೆ ಹೋದವನು ಬಾಗಿಲ ಚೌಕಟ್ಟು ಹಿಡಿದು ನಿಂತುಬಿಟ್ಟ. ನಮ್ಮ ಕಡೆ ತಿರುಗದೆಯೇ ಕೇಳಿದ: "ಆ ಗುಂಡಿನ ಮಾತು?"

"ಅದನ್ನು ವಾಪಸ್ಸು ತೆಗೆದುಕೊಳ್ಳಲೆಂದೇ ನಮ್ಮನ್ನು ಕಳಿಸಿದ್ದಾನೆ" ಎಂದರು ಔಷಧದಂಗಡಿಯವರು. ತಮ್ಮ ಆ ಚೌಕಟ್ಟನ್ನು ಬಿಟ್ಟು ಮೆಟ್ಟಿಲಿಳಿದ.

ನಾವು ಹಿಂದೆಯೇ ಹೋದೆವು. ಭಾಯಿ ಗಾಡಿಯ ಗಾಜು ಇಳಿಸಿದ. ಅಣ್ಣ ತಮ್ಮ ಒಬ್ಬರನ್ನೊಬ್ಬರು ನೋಡಿದರು. ಮೊದಲು ಬಾಯಿ ಬಿಟ್ಟವನು ತಮ್ಮ, ಅರಬ್ಬಿಯಲ್ಲಿ. ಭಾಯಿ ತಿರುಗಿ ಅಂದ. ಇಬ್ಬರ ದನಿಯೂ ಏರಿತು. ನಾನು ಗಾಬರಿಯಾಗಿ ಔಷಧದಂಗಡಿಯವರನ್ನು ಏನಂತೆ ಎಂದು ಕೇಳಿದೆ. "ನೀನು ಮುದುಕನಾದೆ ಅಂದ. ನೀನು ದಪ್ಪಗಾದೆ ಅಂದ. ಈಗ ಎಲೆಕ್ಷನ್ನಿಗೆ ಬಂದಿದ್ದಾರೆ" ಎಂದರು. ಗಾಡಿಯಿಂದಿಳಿದ ಭಾಯಿಯ ಬೆರಳು ಬಹಳ ದಿನದ ಮೇಲೆ ಮೇಲೇರಿತ್ತು. ಇನ್ನೊಂದು ಕೈಯನ್ನು ಮಾತ್ರ ತಮ್ಮ ಹಿಡಿದಿದ್ದ. ಇಬ್ಬರೂ ಬೈದಾಡಿಕೊಳ್ಳುತ್ತ, ಹಿಡಿದ ಕೈ ಬಿಡದೆ, ಹಾಗೆಯೇ ಒಳಗೆ ಹೋದರು.

ಊಟಕ್ಕೆ ದೊಡ್ಡ ರೊಟ್ಟಿ, ಮೇಲೆ ಎಣ್ಣೆಯಲ್ಲಿ ಬೆಂದ ಉಳ್ಳಾಗಡ್ಡಿ, ಹುಳಿ ಪುಡಿ, ಕೋಳಿ. ನನಗೂ ಗಿರಿಜಾಗೂ ಕೋಳಿ ತೆಗೆದು ಕೊಟ್ಟರು, ರೊಟ್ಟಿ ಉಳ್ಳಾಗಡ್ಡಿ ನಮ್ಮ ಮನೆಯದೇ ಅನಿಸಿತು. ಮೇಜಿನ ನಡುವೆ ಫೋನು ಇಟ್ಟು ಗಾಜಾಕ್ಕೆ ಹಚ್ಚಿದರು. ಹತ್ತಲಿಲ್ಲ. ಮತ್ತೆ ಹಚ್ಚಿದರು. ಯಾರೂ ತುತ್ತು ಎತ್ತಲಿಲ್ಲ. ಆಮೇಲೆ ಒಂದು ಸಲ ಗರಗರ ಸದ್ದಾಗಿ, ದೂರದಿಂದ ಹೆಣ್ಣಿನ ದನಿ ಬಂತು.

ಅವಳು ನಂಬಲೇ ಇಲ್ಲ. ಇಬ್ಬರೂ ಮನೆಯಲ್ಲೇ ಕೂತು ಎರಡು ಫೋನು ಕೂಡಿಸಿ ನನಗೆ ಟೋಪಿ ಹಾಕುತ್ತೀರಿ ಎಂದಳಂತೆ. ಅಣ್ಣ ಆಣೆ ಹಾಕಿದ. ತಮ್ಮ ಆಣೆ ಹಾಕಿದ. ಆಣೆ ನಡೆಯಲಿಲ್ಲ. "ಒಂದೇ ತಾಟಿನಲ್ಲಿ ಉಣ್ಣಿರಿ, ಸದ್ದು ಕೇಳುತ್ತೇನೆ" ಎಂದಳು. ಎಪ್ಪತ್ತು ದಾಟಿದ ಭಾಯಿ, ಎಪ್ಪತ್ತರ ಹತ್ತಿರದ ತಮ್ಮ, ಇಬ್ಬರೂ ಒಂದೇ ತಾಟಿಗೆ ಕೈ ಹಾಕಿ, ಫೋನಿನ ಹತ್ತಿರ ಬಾಯಿ ತಂದು ಕರಮ್ ಕರಮ್ ಎಂದು ಅಗಿದರು. ಆಮೇಲೆ ಅವಳು ಏನೋ ಕೇಳಿದಳು. ಭಾಯಿ ಕಣ್ಣು ಒರೆಸಿಕೊಂಡು ನನಗೆ ಹೇಳಿದ: "ಉಳ್ಳಾಗಡ್ಡಿಗೆ ಹುಳಿ ಪುಡಿ ಸಾಕಷ್ಟು ಹಾಕ್ಯಾರೇನು ಅಂತ ಕೇಳ್ತಾಳ."

ಅಲ್ಲಿಗೆ ಪಾರ್ಟಿ ಜಗಳ ಮುಗಿಯಿತೆಂದು ತಿಳಿಯಬೇಡಿ. ಆಮೇಲೆ ಶುಕ್ರವಾರ ಒಮ್ಮೆ ಇಲ್ಲಿ, ಒಮ್ಮೆ ಅಲ್ಲಿ ಊಟ, ಫೋನು, ಜಗಳ. ನನ್ನನ್ನು ಕರೆಯದೆ ಬಿಡುತ್ತಿರಲಿಲ್ಲ. ಭಾಯಿ ಹಳದಿಯನ್ನು ಬಿಡಲಿಲ್ಲ, ತಮ್ಮ ಹಸಿರನ್ನು ಬಿಡಲಿಲ್ಲ, ಭಾಬಿ ನಡುವೆ ಕೆಂಪಿನ ಕಡ್ಡಿ ಆಡಿಸುವುದನ್ನು ಬಿಡಲಿಲ್ಲ. "ನಮ್ಮ ದೊಡ್ಡ ದೊಡ್ಡ ಲೀಡರಗಳು ಎಷ್ಟೋ ಊರಿಗೆ ಹೋಗಿ ರಾಜಿ ಮಾಡಿಕೊಂಡು ಬಂದರು, ಒಂದೂ ನಿಲ್ಲಲಿಲ್ಲ. ನಮ್ಮದು ನಿಂತೈತಿ. ಯಾಕಂದ್ರ ಅವರು ಕಾಫಿ ಕುಡದು ಫೋಟೋ ತಗೊಂಡ್ರು, ನಾವು ಉಂಡ್ವಿ" ಎಂದು ಭಾಯಿ ಬೆರಳೆತ್ತಿ ಹೇಳುತ್ತಿದ್ದ.

ಕಳೆದ ಚಳಿಗಾಲದಲ್ಲಿ ಹೋದ. ಮಧ್ಯಾಹ್ನದ ನಿದ್ದೆಯಲ್ಲೇ, ಸೋಫಾದ ಮೇಲೆ. ಕುವೈತಿನ ಕಾಲದ ಗೆಳೆಯರು ಹಳದಿ ಬಾವುಟ ಹಿಡಿದುಕೊಂಡು ಬಂದು, ಹೆಣದ ಮೇಲೆ ಹೊದಿಸಬೇಕೆಂದರು. ಕೆಲವರು ಕೂಡದು ಎಂದರು. ದನಿಗಳು ಏರಿದವು. ಭಾಯಿಯ ತಮ್ಮ ಎರಡೂ ಕಡೆಯವರ ನಡುವೆ ಬಂದು ನಿಂತ. ಬಾವುಟವನ್ನು ತಾನೇ ಇಸಿದುಕೊಂಡು, ಮಣ್ಣಾಗುವವರೆಗೂ ಮಡಿಕೆ ಮಾಡಿ ಕಂಕುಳಲ್ಲಿ ಇಟ್ಟುಕೊಂಡಿದ್ದ. ಹೊದಿಸಲಿಲ್ಲ, ಕೆಳಗೂ ಇಡಲಿಲ್ಲ. ಆ ದಿನ ಯಾರೂ ಮತ್ತೆ ಅದರ ಮಾತೆತ್ತಲಿಲ್ಲ.

ಅದಾಗಿ ಸ್ವಲ್ಪ ದಿನಕ್ಕೆ ಗಿರಿಜಾ ಬಸುರಿಯಾದಳು. ಅವನಿಗೆ ಹೇಳಲಾಗಲಿಲ್ಲವಲ್ಲ ಎಂದು ನನಗಿಂತ ಅವಳೇ ಹೆಚ್ಚು ಅತ್ತಳು.

ನಿನ್ನೆ ಸಂಜೆ ಭಾಬಿ ಒಂದು ಪಾತ್ರೆ ಹಿಡಿದುಕೊಂಡು ಬಂದರು. ಕೂಸು ಹುಟ್ಟಿದರೆ ಅವರಲ್ಲಿ ಮಾಡುವ ಪಾಯಸ, ಅಕ್ಕಿಹಿಟ್ಟಿನದು, ಕಂದು ಬಣ್ಣ, ಮೇಲೆ ಬಾದಾಮಿ, ಅಕ್ರೋಟು. ಶಾಂತವ್ವ ಬಾಣಂತಿಗೆ ಆಗುತ್ತದೋ ಇಲ್ಲವೋ ಎಂದು ಮೂಸಿ, ಬೆರಳಲ್ಲಿ ನೆಕ್ಕಿ, "ಶಾಜೀರಗಿ ಹಾಕ್ಯಾರ, ವಾಯು ಆಗೂದಿಲ್ಲ, ಉಣ್ಣಲಿ" ಎಂದು ತೀರ್ಪು ಕೊಟ್ಟಳು. ಪ್ಲೆಸೆಂಟನ್ನಿನಿಂದ ತಮ್ಮನೂ ಅವನ ಹೆಂಡತಿಯೂ ಬಂದರು. ನಾವು ಕರೆದಿರಲಿಲ್ಲ. ಕರೆಯುವ ಸಂಬಂಧ ಅದಲ್ಲ ಈಗ.

ಎಲ್ಲರೂ ಉಣ್ಣಲು ಕೂತೆವು. ಶಾಂತವ್ವನ ಜೋಳದ ರೊಟ್ಟಿ, ಎಣಗಾಯಿ ಬದನೆಕಾಯಿ, ಅಳಿಯ ಮಾಡಿದ ಮೈಸೂರು ಸಾರು, ಭಾಬಿಯ ಪಾಯಸ. ಎರಡು ತುತ್ತು ಇಳಿದಿರಲಿಲ್ಲ, ತಮ್ಮನಿಗೂ ಭಾಬಿಗೂ ಹತ್ತಿಕೊಂಡಿತು. ಮುಂದೆ ಎಲೆಕ್ಷನ್ ಅಂತ ಆದರೆ ಯಾರು ಗೆಲ್ಲುತ್ತಾರೆ ಎಂದು. ಗಿರಿಜಾ ಖೋಲಿಯ ಬಾಗಿಲಿಗೆ ಬಂದು, "ಕೂಸು ಈಗರ ಮಲಗೇತಿ. ಜಗಳಾಡ್ರಿ, ಬ್ಯಾಡ ಅನ್ನೂದಿಲ್ಲ, ಸಣ್ಣ ದನೀಲೆ ಆಡ್ರಿ" ಎಂದಳು. ಅಳಿಯ ಅದನ್ನು ಇಂಗ್ಲಿಷಿನಲ್ಲಿ ತಿಳಿಸಿದರು. ಇಬ್ಬರೂ ತಲೆಯಾಡಿಸಿ ಪಿಸುದನಿಗೆ ಇಳಿದರು. ಕಣ್ಣು ಅಗಲ, ಕೈ ಗಾಳಿಯಲ್ಲಿ, ದನಿ ಮಾತ್ರ ಹಲ್ಲಿಯದು.

ಸ್ವಲ್ಪ ಹೊತ್ತು ನೋಡಿದೆ. ಹಸಿರಿಗೆ ಒಬ್ಬರಿದ್ದರು, ಕೆಂಪಿಗೆ ಒಬ್ಬರಿದ್ದರು. ಹಳದಿಯ ಪರವಾಗಿ ಆಡುವವರು ಮೇಜಿನಲ್ಲಿ ಯಾರೂ ಇರಲಿಲ್ಲ. ನನಗೆ ತಡೆಯಲಾಗಲಿಲ್ಲ.

"ಖುರ್ಚ್ಯಾಗ ಕುಂತವರನ್ನ ಬೈಯೂದು ಸಸಾರ," ಎಂದೆ ಪಿಸುದನಿಯಲ್ಲಿ. "ನಡಸಾಕ ಕುಂತವಗಽ ಗೊತ್ತು ಗಾಡಿ ಕಷ್ಟ."

ಭಾಬಿ ತುತ್ತು ಹಿಡಿದ ಕೈ ಕೆಳಗಿಟ್ಟರು. ತಮ್ಮ ನನ್ನನ್ನೇ ನೋಡಿದ. ಕಣ್ಣು ತೇವವಾಗಿತ್ತು, ಆದರೆ ಬಿಟ್ಟುಕೊಡುವ ಪೈಕಿ ಅಲ್ಲ ಅವನು.

"ಡ್ರೈವರ್ ಸಾಬ್, ಗಾಡಿ ನಡಸಲಿ, ಯಾರು ಬ್ಯಾಡ ಅಂದ್ರು? ಇಷ್ಟು ವರ್ಷ ಸ್ಟ್ಯಾಂಡ್ ಬಿಟ್ಟಽ ಹೊಂಟಿಲ್ಲ."

"ಇಂಜನ್ ಚಾಲೂ ಐತಿ."

"ಡೀಸಲ್ ಯಾರದು?"

ಶಾಂತವ್ವ ನಗು ತಡೆಯಲಾರದೆ ನನ್ನ ತಾಟಿಗೆ ರೊಟ್ಟಿ ಹಾಕಿದಳು. ಒಳಗಿನಿಂದ ಕುಂಯ್ ಎಂದು ಸದ್ದಾಯಿತು. ಎಲ್ಲರೂ ಬಾಯಿ ಮುಚ್ಚಿ, ಅಗಿಯುವುದನ್ನೂ ನಿಲ್ಲಿಸಿ ಕೂತೆವು. ಮತ್ತೆ ಸದ್ದಿಲ್ಲ, ಕೂಸು ಮಲಗಿತು. ತಮ್ಮ ಬದನೆಕಾಯಿಯ ಪಾತ್ರೆಯನ್ನು ನನ್ನ ಕಡೆ ಸರಿಸಿ, "ಹಾಂ, ಎಲ್ಲಿತನಕ ಬಂದಿದ್ವಿ?" ಎಂದ.